ಬೈಕೂ ನಿಲ್ಲಲಿ, ಬಳ್ಳಿಯೂ ಹಬ್ಬಲಿ

ನಮ್ಮ ಹಾಸ್ಟೆಲ್ ಹಿಂದಿನ ಖಾಲಿ ಜಾಗಕ್ಕೆ ದೀಪಾವಳಿ ರಜೆಯಲ್ಲಿ ಪೇವರ್ ಬ್ಲಾಕ್ ಹಾಕಿ ಬೈಕ್ ಪಾರ್ಕಿಂಗ್ ಮಾಡ್ತಾರಂತೆ. ಪಾರ್ಕಿಂಗ್ ಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ನಮ್ಮ ಹೀರೆಬಳ್ಳಿ ಇರೋದು ಅಲ್ಲೇ.

ಜೂನ್ ಮಳೆಗೆ ನಾವು ರೂಮಿನವರು ನಾಲ್ಕು ಬೀಜ ಊರಿದ್ವಿ. ಮೂರು ಕೊಳೆತವು. ಹುಬ್ಬಳ್ಳಿಯ ಎರೆಮಣ್ಣಲ್ಲಿ ನೀರು ನಿಲ್ಲುತ್ತೆ, ಮಣ್ಣು ಏರಿಸಿ ಬೀಜ ಹಾಕಬೇಕು ಅಂತ ಗೊತ್ತಿರಲಿಲ್ಲ. ಉಳಿದ ಒಂದು ಬಳ್ಳಿ ಆರು ವಾರಕ್ಕೆ ಹಳದಿ ಹೂ ಬಿಟ್ಟಿತು. ಹೂ ಉದುರಿದವು, ಕಾಯಿ ಮಾತ್ರ ಇಲ್ಲ. ಯೂರಿಯಾ ತರೋಕೆ ಹೊರಟಿದ್ವಿ. ಮೆಸ್ಸಿನ ಅಕ್ಕ ನೋಡಿ ನಕ್ಕರು: "ಅವೆಲ್ಲಾ ಗಂಡು ಹೂವಪಾ. ಹೆಣ್ಣು ಹೂ ಬರೂತನಕ ತಡೀರಿ."

'ಯುನಿಸೆಕ್ಷುಯಲ್ ಫ್ಲವರ್' ಅಂತ ಬರೆದು ಮಾರ್ಕ್ಸ್ ತಗೊಂಡವರು ನಾವು. ಕಣ್ಣೆದುರು ಬಂದಾಗ ಗುರುತೇ ಸಿಗಲಿಲ್ಲ. ಹೀರೆಯಲ್ಲಿ ಗಂಡು ಹೂ ಗೊಂಚಲಾಗಿ ಮೊದಲು ಬರುತ್ತೆ. ಹೆಣ್ಣು ಹೂ ಒಂಟಿ, ಅದರ ಬುಡದಲ್ಲೇ ಪುಟ್ಟ ಮರಿಗಾಯಿ ಇರುತ್ತೆ. ಎರಡೂ ಅರಳೋದು ಸಂಜೆ, ನಾವು ಲ್ಯಾಬ್ ಮುಗಿಸಿ ಬರೋ ಹೊತ್ತಿಗೆ. ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮೆಲ್ಲಗೆ ಮುಟ್ಟಿಸಿದ್ವಿ. ಹತ್ತು ದಿನಕ್ಕೆ ಪಲ್ಯಕ್ಕೆ ಕಾಯಿ ಸಿಕ್ಕಿತು, ಸಿಪ್ಪೆಯ ಚಟ್ನಿ ರೊಟ್ಟಿಗೆ ಆಯ್ತು.

ನಿಜ ಹೇಳಬೇಕಂದ್ರೆ ಈ ಬಳ್ಳಿ ದೀಪಾವಳಿ ಹೊತ್ತಿಗೆ ತಾನಾಗೇ ಒಣಗುತ್ತೆ. ನಾವು ಕೇಳ್ತಿರೋದು ಮಣ್ಣನ್ನ. ಬಳ್ಳಿಗೆ ನೆಲದಲ್ಲಿ ಬೇಕಾಗಿದ್ದು ಎರಡಡಿ ಅಗಲದ ಗುಂಡಿ, ಉಳಿದದ್ದೆಲ್ಲ ಮೇಲೆ. ಗೋಡೆ ಪಕ್ಕ ಒಂದು ಪಟ್ಟಿ ಬ್ಲಾಕ್ ಹಾಕದೆ ಬಿಡಲಿ. ಪೈಪ್ ನೆಟ್ಟು, ತಂತಿ ಎಳೆದು ಎಂಟಡಿ ಎತ್ತರದ ಹಂದರ ಹಾಕೋಣ. ಲೆಕ್ಕ ಹಾಕೋಕೆ ಸಿವಿಲ್ ಗೆಳೆಯರಿದ್ದಾರೆ, ವೆಲ್ಡಿಂಗಿಗೆ ಮೆಕ್ಯಾನಿಕಲ್‌ನವರು. ಜನವರಿಯಲ್ಲಿ ಬೀಜ ಹಾಕಿದ್ರೆ ಬ್ಯಾಸಗಿ ಬಿಸಿಲಿಗೆ ಬೈಕ್ ಮೇಲೆ ನೆರಳು ಬೀಳುತ್ತೆ.

ನೀರೆಲ್ಲಿ ಅಂತೀರಾ? ಸವದತ್ತಿ ಡ್ಯಾಂನಿಂದ ಬರೋ ನೀರು ಕುಡಿಯೋಕೇ ಇರಲಿ. ಮೆಸ್ಸಿನಲ್ಲಿ ತರಕಾರಿ ತೊಳೆದ ನೀರು ದಿನಾ ಚರಂಡಿಗೆ ಹೋಗುತ್ತೆ, ಅದೇ ಸಾಕು. ದಿನಾ ಬಕೆಟ್ ಹೊರೋರು ಯಾರು ಅಂದ್ರೆ, ನಾವು. ಮಾತು ತಪ್ಪಿದ್ರೆ ಆ ಪಟ್ಟಿಗೂ ಬ್ಲಾಕ್ ಹಾಕಲಿ.

ಒಂದು ಕಾಯಿ ಕೀಳದೆ ಬೀಜಕ್ಕೆ ಬಿಟ್ಟಿದ್ದೀವಿ. ಒಣಗಿ ಕಂದು ಬಣ್ಣಕ್ಕೆ ತಿರುಗ್ತಾ ಇದೆ, ಅಲುಗಾಡಿಸಿದ್ರೆ ಒಳಗೆ ಬೀಜ ಗಲಗಲ ಅಂತಾವೆ. ಅವನ್ನ ಊರೋಕೆ ಎರಡಡಿ ಜಾಗ ಉಳಿಸಿಕೊಡಿ.