ಖಜಾನೆಯ ಕೀಲಿ, ಅಧ್ಯಕ್ಷರ ಕುರ್ಚಿ

ಕನ್ನಡ ಅಧ್ಯಾಪಕರಿಗೆ ಪಾಠ ಹೇಳುವುದರ ಹೊರತಾಗಿ ಊರವರು ವಹಿಸಿಕೊಟ್ಟ ಇನ್ನೊಂದು ಉದ್ಯೋಗವುಂಟು. ಮದುವೆಯ ಕರೆಯೋಲೆ, ನಿವೃತ್ತರಿಗೆ ಅರ್ಪಿಸುವ ಬಿನ್ನವತ್ತಳೆ, ದೇವಸ್ಥಾನದ ಜೀರ್ಣೋದ್ಧಾರದ ವಿಜ್ಞಾಪನೆ ಇವೆಲ್ಲ ಅಚ್ಚಿಗೆ ಹೋಗುವ ಮುನ್ನ ಅವರ ಮೇಜಿನ ಮೇಲೆ ಹಾದುಹೋಗಬೇಕು. ಸಂಭಾವನೆಯ ಮಾತಿಲ್ಲ. ಮೊನ್ನೆ ಇಂಥದೇ ಕೆಲಸಕ್ಕಾಗಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಮನೆಗೆ ಬಂದಿದ್ದರು. ಹನ್ನೆರಡು ವರ್ಷಗಳಿಂದ ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ನಡೆಸುತ್ತಿರುವವರು. ತರಗತಿಯಲ್ಲಿ ನಾನು ಏಕವಚನದಲ್ಲಿಯೇ ಕರೆದ ಇವರನ್ನು ಇಲ್ಲಿ ಬಹುವಚನದಲ್ಲಿ ಬರೆಯುತ್ತಿದ್ದೇನೆ. ಕಾರಣ ಮುಂದೆ ತಿಳಿದೀತು. ಅವರ ಕೈಯಲ್ಲಿದ್ದುದು ವಕೀಲರ ಸಂಘದ ಚುನಾವಣೆಗಾಗಿ ಬರೆದ ಒಂದು ಪುಟದ ಮತಯಾಚನೆಯ ಮನವಿ.

ಕಾಗುಣಿತದ ತಪ್ಪುಗಳು ನಾಲ್ಕಾರು ಇದ್ದುವು, ತಿದ್ದಿದೆ. ತಿದ್ದಲಾಗದೆ ಲೇಖನಿ ನಿಂತದ್ದು ಮೊದಲ ವಾಕ್ಯದಲ್ಲಿಯೇ. ಅಭ್ಯರ್ಥಿಯು ‘ನಿಮ್ಮ ಮನೆಯ ಮಗಳು’, ‘ಸೌಮ್ಯ ಸ್ವಭಾವದವಳು’, ‘ಹಿರಿಯರ ಆಶೀರ್ವಾದವನ್ನು ಬೇಡುವವಳು’ ಎಂದು ಅಲ್ಲಿ ಬರೆದಿತ್ತು. ಇವರು ನಡೆಸುವುದು ಸಿವಿಲ್ ದಾವೆಗಳನ್ನೋ ಕ್ರಿಮಿನಲ್ ಮೊಕದ್ದಮೆಗಳನ್ನೋ, ಎಷ್ಟು ವರ್ಷದ ಅನುಭವ, ಗೆದ್ದರೆ ಸಂಘಕ್ಕೆ ಏನು ಮಾಡುವವರು—ಈ ವಿಷಯವಾಗಿ ಒಂದಕ್ಷರವೂ ಇರಲಿಲ್ಲ. ‘ಇದನ್ನು ಬರೆದವರು ಯಾರಮ್ಮ?’ ಎಂದು ಕೇಳಿದೆ. ‘ನಮ್ಮ ಸೀನಿಯರ್ ಬರೆಸಿದರು ಸಾರ್. ಹೀಗೆ ಬರೆದರೇ ಮತ ಬೀಳುವುದಂತೆ’ ಎಂದರು.

ಹಿರಿಯ ವಕೀಲರ ಅನುಭವವನ್ನು ಅಲ್ಲಗಳೆಯುವ ಅಧಿಕಾರ ನನಗಿಲ್ಲ. ಆದರೂ ಅದೇ ಚುನಾವಣೆಯ ಪುರುಷ ಅಭ್ಯರ್ಥಿಗಳ ಮನವಿಗಳೂ ಅವರ ಚೀಲದಲ್ಲಿದ್ದುವು, ಓದಿ ನೋಡಿದೆ. ಒಬ್ಬರು ಗ್ರಂಥಾಲಯಕ್ಕೆ ಹೊಸ ಕಟ್ಟಡ ಕಟ್ಟಿಸುವವರು. ಒಬ್ಬರು ವಾಹನ ನಿಲ್ಲಿಸಲು ಜಾಗ ಕೊಡಿಸುವವರು. ಮತ್ತೊಬ್ಬರು ಕಿರಿಯ ವಕೀಲರಿಗೆ ವಿಮೆ ಮಾಡಿಸುವವರು. ಅವರಲ್ಲಿ ಯಾರೂ ಯಾರ ಮನೆಯ ಮಗನೂ ಆಗಿರಲಿಲ್ಲ.

ಈ ಮಹಿಳೆ ನಿಂತಿರುವ ಸ್ಥಾನ ಖಜಾಂಚಿಯದು. ಅದಕ್ಕೊಂದು ಹಿನ್ನೆಲೆಯಿದೆ, ನ್ಯಾಯಾಲಯದ ಕಡೆ ತಲೆಹಾಕದ ವಾಚಕರಿಗಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಕೀಲರಿಗೆ ಎರಡು ಬಗೆಯ ಸಂಸ್ಥೆಗಳುಂಟು. ಒಂದು, 1961ರ ವಕೀಲರ ಅಧಿನಿಯಮದಿಂದ ಹುಟ್ಟಿದ ರಾಜ್ಯ ವಕೀಲರ ಪರಿಷತ್ತು. ಸನ್ನದು ಕೊಡುವುದೂ, ವೃತ್ತಿಧರ್ಮಕ್ಕೆ ತಪ್ಪಿದವರನ್ನು ವಿಚಾರಿಸುವುದೂ ಅದರ ಕೆಲಸ. ಇನ್ನೊಂದು, ಊರೂರಿನ ನ್ಯಾಯಾಲಯಗಳಲ್ಲಿ ವಕೀಲರು ತಾವೇ ಕೂಡಿ ಕಟ್ಟಿಕೊಂಡ ಸಂಘ. ಕುಳಿತುಕೊಳ್ಳುವ ಕೊಠಡಿ, ಪುಸ್ತಕ, ಕುಡಿಯುವ ನೀರು, ನ್ಯಾಯಾಧೀಶರೊಡನೆ ತಲೆದೋರುವ ತಕರಾರು, ಸರ್ಕಾರಕ್ಕೆ ಸಲ್ಲಿಸುವ ಅಹವಾಲು ಇವೆಲ್ಲ ಸಂಘದ ಪಾಲಿಗೆ ಬರುತ್ತವೆ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಅವರ ಕೆಳಗೊಂದು ಕಾರ್ಯಕಾರಿ ಮಂಡಲಿ—ಸಾಮಾನ್ಯವಾಗಿ ಇದೇ ಅದರ ರಚನೆ.

2024ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ತನ್ನದೇ ಅಂಗಳದ ವಕೀಲರ ಸಂಘದ ವಿಚಾರದಲ್ಲಿ ಒಂದು ಆದೇಶ ಹೊರಡಿಸಿತು. ಕಾರ್ಯಕಾರಿ ಸಮಿತಿಯಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿಗಿರಬೇಕು. ಪದಾಧಿಕಾರಿಗಳ ಸ್ಥಾನಗಳಲ್ಲಿಯೂ ಒಂದು ಅವರಿಗೆ ಮೀಸಲಾಗಿ, ಅದು ಸರದಿಯಂತೆ ತಿರುಗುತ್ತಿರಬೇಕು. 2024–25ರ ಸಾಲಿಗೆ ಖಜಾಂಚಿಯ ಸ್ಥಾನದಿಂದ ಆ ಸರದಿ ಆರಂಭವಾಗಲಿ—ಇದು ಅದರ ಸಾರ. 2025ರ ಜನವರಿಯಲ್ಲಿ ಸಂವಿಧಾನದ 142ನೆಯ ವಿಧಿಯನ್ನು ಬಳಸಿ ಅದೇ ನ್ಯಾಯಾಲಯವು ಬೆಂಗಳೂರಿನ ವಕೀಲರ ಸಂಘದ ಖಜಾಂಚಿ ಸ್ಥಾನವನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಮಾರ್ಚಿ ತಿಂಗಳಿನಲ್ಲಿ ಕರ್ನಾಟಕದ ಜಿಲ್ಲಾ ವಕೀಲರ ಸಂಘಗಳಿಗೂ ಖಜಾಂಚಿಯ ಸ್ಥಾನವೂ ಸೇರಿದಂತೆ ಶೇಕಡಾ 30ರ ಮೀಸಲು ಬಂದಿತು.

ವಾಚಕರು ಇಲ್ಲಿ ಒಂದು ಶಬ್ದವನ್ನು ಗಮನಿಸಬೇಕು. ದೆಹಲಿಯ ಆ ಮೊದಲ ಆದೇಶದಲ್ಲಿ ‘ಸರದಿ’ ಎಂಬುದೊಂದಿತ್ತು. ನಮ್ಮ ಕಡೆಗೆ ಬಂದು ತಲಪುವಷ್ಟರಲ್ಲಿ ಖಜಾಂಚಿ ಉಳಿದರು, ಸರದಿಯ ಮಾತು ಹಿಂದೆ ಬಿತ್ತು.

ಖಜಾಂಚಿಯೇ ಏಕೆ? ಕಾರಣ ಎಲ್ಲಿಯೂ ಬರೆದಿರಲಾರದು, ನಾನು ಊಹಿಸಬಲ್ಲೆ. ಸಾಸಿವೆ ಡಬ್ಬಿಯಲ್ಲಿ ಗಂಡನಿಗೆ ತಿಳಿಯದಂತೆ ನಾಲ್ಕು ಕಾಸು ಕೂಡಿಡುವ ಗೃಹಿಣಿಯ ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿ ಬೇರೂರಿದೆ. ಹೆಣ್ಣು ಹಣವನ್ನು ಜೋಪಾನ ಮಾಡುವಳು, ಮೋಸ ಮಾಡಳು, ಲೆಕ್ಕ ತಪ್ಪಳು ಎಂಬುದು ಪ್ರಶಂಸೆಯೇ ಸರಿ. ಆದರೆ ಆ ಪ್ರಶಂಸೆಯಲ್ಲಿ ಒಂದು ಸೂಕ್ಷ್ಮವಿದೆ: ಕೂಡಿಡುವವಳು ಅವಳು, ಹೇಗೆ ವೆಚ್ಚವಾಗಬೇಕೆಂದು ನಿರ್ಧರಿಸುವವನು ಮನೆಯ ಯಜಮಾನ. ಖಜಾಂಚಿಯ ಸ್ಥಾನ ಕೀಳೆಂದು ನಾನು ಹೇಳುತ್ತಿಲ್ಲ. ಬಿಜ್ಜಳನ ಭಂಡಾರಿಯಾಗಿದ್ದವರೊಬ್ಬರು ಈ ನಾಡಿನ ಚರಿತ್ರೆಯನ್ನೇ ಹೊರಳಿಸಿದರು. ಆದರೆ ಬಸವಣ್ಣನವರು ಭಂಡಾರದಲ್ಲಿಯೇ ಕುಳಿತು ಅದನ್ನು ಸಾಧಿಸಲಿಲ್ಲ. ಎದ್ದು ಮಹಾಮನೆಗೆ ಬಂದರು.

ನನ್ನ ವೃತ್ತಿಯ ಚಪಲದಿಂದ ಇಲ್ಲೊಂದು ವ್ಯಾಕರಣದ ಮಾತು. ವಕೀಲ, ಸನ್ನದು, ಖಜಾಂಚಿ ಇವೆಲ್ಲ ಅರಬಿ, ಪಾರಸಿಗಳ ಕಡೆಯಿಂದ ಬಂದು ನಮ್ಮವೇ ಆದ ಶಬ್ದಗಳು. ಇವುಗಳಲ್ಲಿ ‘ಖಜಾಂಚಿ’ ಎಂಬುದು ಗಂಡಿಗೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ. ರೂಪವನ್ನು ಬದಲಿಸುವ ಅಗತ್ಯವಿಲ್ಲ. ‘ಅಧ್ಯಕ್ಷ’ ಎಂದಾಗ ಮಾತ್ರ ‘ಅಧ್ಯಕ್ಷೆ’ ಎಂದು ಒಂದು ಮಾತ್ರೆ ಸೇರಿಸಬೇಕು, ನಾಲಗೆ ಅಲ್ಲಿ ಕ್ಷಣಕಾಲ ತಡವರಿಸುತ್ತದೆ. ಬಹುವಚನಕ್ಕೆ ಏರಿಸಿದರೆ ತೊಡಕು ಕಳೆಯಿತು: ‘ಅಧ್ಯಕ್ಷರು’. ಕನ್ನಡದ ಬಹುವಚನ ಮನುಷ್ಯರಲ್ಲಿ ಗಂಡು ಹೆಣ್ಣೆಂಬ ಭೇದವನ್ನು ಕಾಣದು. ನಮ್ಮ ಭಾಷೆ ಎಂದೋ ದಯಪಾಲಿಸಿದ ಈ ಸೌಕರ್ಯವನ್ನು ನಮ್ಮ ಸಂಘಗಳು ಇನ್ನೂ ಬಳಸಿಕೊಳ್ಳಲಿಲ್ಲ.

ವ್ಯಾಕರಣದ ಈ ಚರ್ಚೆ ಕೇವಲ ವಿನೋದವೆಂದು ಭಾವಿಸಬಾರದು. ಈ ದೇಶದಲ್ಲಿ ಹೆಣ್ಣಿಗೆ ಕರಿಯ ಕೋಟು ದೊರೆಯುವುದೂ ತಪ್ಪುವುದೂ ಒಮ್ಮೆ ಲಿಂಗ ಪ್ರಕರಣದ ಮೇಲೆಯೇ ನಿಂತಿತ್ತು. 1916ರಲ್ಲಿ ರೆಜಿನಾ ಗುಹಾ ಎಂಬ ಕಾನೂನು ಪದವೀಧರೆ ವಕೀಲಿಗಾಗಿ ಅರ್ಜಿ ಹಾಕಿಕೊಂಡಾಗ ಪ್ರಶ್ನೆ ಕಲ್ಕತ್ತೆಯ ಹೈಕೋರ್ಟಿನ ಮುಂದೆ ಬಂದಿತು. ಶಾಸನದಲ್ಲಿ ಪುಲ್ಲಿಂಗದಲ್ಲಿ ಹೇಳಿದ್ದು ಸ್ತ್ರೀಯರನ್ನೂ ಒಳಗೊಳ್ಳುವುದೆಂದು ಸಾಮಾನ್ಯ ನಿಯಮವಿರುವಾಗ 1879ರ ಅಧಿನಿಯಮ ತಮಗೂ ಅನ್ವಯಿಸಬೇಕೆಂಬುದು ಅವರ ಪರವಾದ ವಾದ. ನ್ಯಾಯಾಲಯ ಅದನ್ನೊಪ್ಪಲಿಲ್ಲ, ಆ ಶಾಸನದ ಪುಲ್ಲಿಂಗ ಪುಲ್ಲಿಂಗವೇ ಎಂದಿತು. ಸುಧಾಂಶುಬಾಲಾ ಹಾಜ್ರಾ ಅವರಿಗೆ ಪಾಟ್ನಾದಲ್ಲಿ 1921ರಲ್ಲಿ ಅದೇ ಉತ್ತರ ದೊರೆಯಿತು. ಅದೇ ವರ್ಷ ಅಲಹಾಬಾದಿನ ಹೈಕೋರ್ಟು ಕಾರ್ನೀಲಿಯಾ ಸೊರಾಬ್ಜಿ ಅವರನ್ನು ವಕೀಲರ ಪಟ್ಟಿಗೆ ಸೇರಿಸಿಕೊಂಡದ್ದು ಬೇರೆ ಮಾತು. ಆಕ್ಸ್‌ಫರ್ಡಿನಲ್ಲಿ 1892ರಷ್ಟು ಹಿಂದೆಯೇ ಕಾನೂನಿನ ಪರೀಕ್ಷೆಗೆ ಕುಳಿತಿದ್ದ ಆಕೆಗೆ ಆಗ ಐವತ್ತು ದಾಟಿತ್ತು. ಕೊನೆಗೆ 1923ರಲ್ಲಿ ಪ್ರತ್ಯೇಕವಾದ ಶಾಸನವನ್ನೇ ಮಾಡಿ ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ಅನರ್ಹರೆನ್ನಬಾರದೆಂದು ವಿಧಿಸಬೇಕಾಯಿತು.

ಆ ಶಾಸನಕ್ಕೆ ನೂರು ವರ್ಷ ಸಂದಿತು. ಬಾಗಿಲು ತೆರೆಯಿತು, ಒಳಗೆ ಬಂದರು, ವಾದಿಸಿದರು, ನ್ಯಾಯಪೀಠವನ್ನೂ ಏರಿದರು. ಆದರೆ ಮತಪೆಟ್ಟಿಗೆಯ ಬಳಿ ಬಂದಾಗ? ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಎನ್. ವಿ. ರಮಣ ಅವರು 2021ರಲ್ಲಿ ಹೇಳಿದ ಲೆಕ್ಕ ಇದು: ದೇಶದ ಸುಮಾರು 17 ಲಕ್ಷ ವಕೀಲರಲ್ಲಿ ಮಹಿಳೆಯರು ನೂರಕ್ಕೆ 15, ರಾಜ್ಯ ವಕೀಲರ ಪರಿಷತ್ತುಗಳಿಗೆ ಚುನಾಯಿತರಾದವರಲ್ಲಿ ನೂರಕ್ಕೆ 2. ಪರಿಷತ್ತಿನ ಚುನಾವಣೆ ನಡೆಯುವುದು ಸಾಮಾನ್ಯ ರೀತಿಯಲ್ಲೂ ಅಲ್ಲ. ಮತದಾರನು ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯದ ಅಂಕಿ ಹಾಕುತ್ತಾನೆ. ಮೊದಲಿನವರಿಗೆ ಬೇಕಾದುದಕ್ಕಿಂತ ಹೆಚ್ಚು ಮತ ಬಿದ್ದರೆ ಹೆಚ್ಚುವರಿ ಮುಂದಿನವರಿಗೆ ಹರಿಯುತ್ತದೆ. ಸಣ್ಣ ಗುಂಪುಗಳಿಗೂ ಪಾಲು ಸಿಗಲೆಂದೇ ಯೋಚಿಸಿದ ಏರ್ಪಾಡು ಇದು. ಇಂಥ ಉದಾರವಾದ ಕಾಲುವೆಯಲ್ಲಿಯೂ ನೂರಕ್ಕೆ ಹದಿನೈದು ಇದ್ದವರ ಗದ್ದೆಗೆ ಎರಡರಷ್ಟೇ ನೀರು ಬಂದಿತೆಂದರೆ, ತೂಬನ್ನು ಎಲ್ಲಿ ಮುಚ್ಚಲಾಗಿದೆಯೆಂದು ಹುಡುಕಬೇಕಾದ್ದೇ. 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಪರಿಷತ್ತುಗಳಿಗೂ ಶೇಕಡಾ 30ರ ನಿಯಮವನ್ನು ವಿಸ್ತರಿಸಿದೆ.

ಮೀಸಲನ್ನು ವಿರೋಧಿಸುವ ಮಿತ್ರರು ನನಗಿದ್ದಾರೆ. ವಕೀಲಿ ಬುದ್ಧಿಯ ವೃತ್ತಿ, ಅಲ್ಲಿ ಅರ್ಹತೆಯೊಂದೇ ಅಳತೆಗೋಲು ಎಂದು ಅವರ ವಾದ. ಕಕ್ಷಿಗಾರನು ವಕೀಲರನ್ನು ಆರಿಸಿಕೊಳ್ಳುವಾಗ ಈ ಮಾತು ನೂರಕ್ಕೆ ನೂರು ಸತ್ಯ. ಸಂಘದ ಚುನಾವಣೆಯಲ್ಲಿ ಇದು ಎಷ್ಟು ಸತ್ಯವೆಂಬುದು ಆ ದಿನ ನ್ಯಾಯಾಲಯದ ಗೇಟಿನ ಬಳಿ ನಿಂತವರಿಗೆಲ್ಲ ಗೊತ್ತು. ಎರಡು ಸಾಲಾಗಿ ಕರಿಯ ಕೋಟುಗಳು, ಜೋಡಿಸಿದ ಕೈಗಳು, ಅಂಗೈಗೆ ತುರುಕುವ ಭಾವಚಿತ್ರದ ಕಾರ್ಡುಗಳು, ಹಿಂದಿನ ರಾತ್ರಿಯ ಭೋಜನಕೂಟದ ನೆನಪು, ‘ಇವರು ನಮ್ಮವರು’ ಎಂಬ ಪಿಸುಮಾತು. ‘ನಮ್ಮವರು’ ಎಂದರೆ ಯಾರೆಂದು ವಿವರಿಸುವ ಅಗತ್ಯ ಈ ನಾಡಿನ ಓದುಗರಿಗಿಲ್ಲ. ಅರ್ಹತೆ ಆ ಸಾಲಿನಲ್ಲಿ ಎಲ್ಲಿ ನಿಂತಿತ್ತೋ ನನಗೆ ಕಾಣಲಿಲ್ಲ.

ಹಾಗೆಂದು ನ್ಯಾಯಾಲಯದ ಆದೇಶದಿಂದ ನನಗೆ ಪೂರ್ಣ ಸಂತೋಷವಾಯಿತೆಂದೂ ಹೇಳಲಾರೆ. ದೇಶಕ್ಕೆಲ್ಲ ಸಮಾನತೆಯ ವಿಧಿಗಳನ್ನು ವಿವರಿಸಿ ಹೇಳುವವರು ತಮ್ಮ ಮನೆಯೊಳಗೆ ಅದನ್ನು ತರಲು ಪೀಠದ ಅಪ್ಪಣೆಗೆ ಕಾಯಬೇಕಾಯಿತಲ್ಲ ಎಂಬ ಸಂಕೋಚ ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು. ನಮ್ಮ ರಾಜ್ಯದ ಹಳ್ಳಿಗಳಲ್ಲಿ 1983ರ ಶಾಸನದಂತೆ 1987ರಲ್ಲಿ ಮಂಡಲ ಪಂಚಾಯತಿಗಳ ಚುನಾವಣೆ ನಡೆದಾಗಲೇ ಮಹಿಳೆಯರಿಗೆ ಕಾಲು ಭಾಗ ಮೀಸಲಾಗಿತ್ತು. ಈಗ ಅದು ಅರ್ಧ. ಅಲ್ಲಿ ಅಧ್ಯಕ್ಷರ ಸ್ಥಾನವೂ ಸರದಿಯ ಮೇಲೆ ಮಹಿಳೆಯರಿಗೆ ಬರುತ್ತದೆ. ಹೆಂಡತಿಯ ಹೆಸರಿನಲ್ಲಿ ಗಂಡ ಅಧಿಕಾರ ನಡೆಸುವ ಕಥೆಗಳನ್ನು ನಾನೂ ಕೇಳಿದ್ದೇನೆ. ಗಂಡನನ್ನು ಹೊರಗೆ ಜಗುಲಿಯ ಮೇಲೆ ಕೂರಿಸಿ ತಾವೇ ಸಭೆ ನಡೆಸಿದವರನ್ನು ಕಂಡೂ ಇದ್ದೇನೆ. ಅಕ್ಷರ ಬಾರದ ತಾಯಿಯೊಬ್ಬರು ಪಂಚಾಯತಿಯ ಅಧ್ಯಕ್ಷರಾಗಬಹುದು, ಸನ್ನದು ಪಡೆದ ಮಗಳು ವಕೀಲರ ಸಂಘದಲ್ಲಿ ಖಜಾಂಚಿಯಷ್ಟೇ ಆಗಬೇಕು ಎಂಬ ಸ್ಥಿತಿಯನ್ನು ಯಾವ ತರ್ಕದಿಂದ ಸಮರ್ಥಿಸುವುದು?

ನಿಯಮ ಹಾಗೆ ಹೇಳಿಲ್ಲವಲ್ಲ ಎಂದು ಕಾನೂನು ಬಲ್ಲವರು ಕೇಳಿಯಾರು. ಸರಿ. ಮೀಸಲು ಸ್ಥಾನವೊಂದಿದ್ದ ಮಾತ್ರಕ್ಕೆ ಉಳಿದ ಸ್ಥಾನಗಳಿಗೆ ಮಹಿಳೆಯರು ನಿಲ್ಲಬಾರದೆಂದು ಯಾವ ಆದೇಶದಲ್ಲೂ ಇಲ್ಲ. ಬಂದ ವಿದ್ಯಾರ್ಥಿನಿಯನ್ನು ನಾನೂ ಅದನ್ನೇ ಕೇಳಿದೆ: ‘ಲೆಕ್ಕಪತ್ರದಲ್ಲಿ ನಿನಗೆ ಅಂಥ ಆಸಕ್ತಿಯೇನೂ ಇರಲಿಲ್ಲವಲ್ಲ. ಕಾಲೇಜಿನಲ್ಲಿ ಚರ್ಚಾಕೂಟದ ಕಾರ್ಯದರ್ಶಿಯಾಗಿ ವರ್ಷವಿಡೀ ಎಲ್ಲರನ್ನೂ ಓಡಾಡಿಸಿದವಳು ನೀನು. ಸಂಘದ ಕಾರ್ಯದರ್ಶಿ ಸ್ಥಾನಕ್ಕೇಕೆ ನಿಲ್ಲಬಾರದು?’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಮೊದಲು ಅದಕ್ಕೇ ನಿಲ್ಲಬೇಕೆಂದಿದ್ದೆ ಸಾರ್. ಹಿಂದೆ ಆಗಿದ್ದರೆ ಗೆಲ್ಲುತ್ತಿರಲಿಲ್ಲ, ಆದರೆ ನಿಲ್ಲಬೇಡ ಎಂದು ಯಾರೂ ಹೇಳುತ್ತಿರಲಿಲ್ಲ. ಈಗ ಹೇಳುತ್ತಾರೆ. ನಿಮಗೆಂದೇ ಒಂದು ಸ್ಥಾನ ಇದೆಯಲ್ಲಮ್ಮ, ನಮ್ಮ ಸ್ಥಾನಕ್ಕೇಕೆ ಬರುತ್ತೀರಿ ಅಂತ.’

‘ನಮ್ಮ ಸ್ಥಾನ’ ಎಂಬ ಆ ಎರಡು ಶಬ್ದಗಳು ನನ್ನನ್ನು ಅಂದಿನಿಂದ ಬಿಟ್ಟಿಲ್ಲ. ಒಂದು ಸ್ಥಾನ ಅವರದೆಂದು ಬರೆದೊಡನೆ ಮಿಕ್ಕವೆಲ್ಲ ಇವರವೆಂದು ತಾನಾಗಿಯೇ ಬರೆದುಹೋಗುತ್ತದೆ. ಬಾಗಿಲೆಂದು ಇಟ್ಟದ್ದು ಬೇಲಿಯಾಗುವುದು ಹೀಗೆ. ಆದೇಶ ಮಾಡಿದವರ ಇಚ್ಛೆ ಇದಲ್ಲವೆಂದು ನಾನು ನಂಬುತ್ತೇನೆ; ದೆಹಲಿಯ ಸಂಘಕ್ಕೆ ಸರದಿಯ ಮಾತನ್ನು ಹೇಳಿದವರು ಇದನ್ನು ಮುಂಗಂಡೇ ಹೇಳಿರಬೇಕು. ನಮ್ಮ ಜಿಲ್ಲಾ ಸಂಘಗಳು ಇನ್ನೊಂದು ಆದೇಶಕ್ಕೆ ಕಾಯದೆ ತಮ್ಮ ಸರ್ವಸದಸ್ಯರ ಸಭೆಗಳಲ್ಲಿ ನಿಯಮಾವಳಿಯನ್ನು ತಿದ್ದಿ ಆ ಸರದಿಯನ್ನು ಅಂಗೀಕರಿಸಲು ಅಡ್ಡಿಯೇನಿದೆ? ಈ ಸಾಲಿಗೆ ಖಜಾಂಚಿ, ಮುಂದಿನ ಸಾಲಿಗೆ ಕಾರ್ಯದರ್ಶಿ, ಅದರ ಮುಂದೆ ಅಧ್ಯಕ್ಷರು. ಕೀಲಿಯ ಗೊಂಚಲು ಕೈಯಿಂದ ಕೈಗೆ ಹೋಗುತ್ತಿದ್ದರೆ ಯಾವುದೂ ಯಾರ ಸ್ಥಾನವೂ ಆಗದು.

ಅಷ್ಟಾಗುವ ತನಕ ಮತದಾರರ ಕೈಯಲ್ಲಿ ಒಂದು ಸುಲಭವಾದ ಪರೀಕ್ಷೆಯಿದೆ. ಖಜಾಂಚಿಯ ಸ್ಥಾನಕ್ಕೆ ನಿಂತ ಅಭ್ಯರ್ಥಿಗೆ ಹಾಕುವ ಪ್ರಶ್ನೆಗಳನ್ನೇ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗೂ ಹಾಕಲಿ: ಕಳೆದ ಸಾಲಿನ ಲೆಕ್ಕವನ್ನು ಓದಿದ್ದೀರಾ? ಮಹಿಳಾ ವಕೀಲರ ವಿಶ್ರಾಂತಿ ಕೊಠಡಿಗೆ ಒಳಗಿನಿಂದ ಚಿಲಕವಿದೆಯೇ? ಹೊಸದಾಗಿ ಸನ್ನದು ಪಡೆದ ಹುಡುಗನಿಗೆ ಸೀನಿಯರು ತಿಂಗಳಿಗೆ ಏನು ಕೊಡುತ್ತಾರೆ? ಉತ್ತರ ಬಂದ ಮೇಲೆ ಭಾವಚಿತ್ರ ನೋಡಲಿ.

ಮನವಿಯನ್ನು ನಾವಿಬ್ಬರೂ ಕೂಡಿ ಹೊಸದಾಗಿ ಬರೆದೆವು. ಮನೆಯ ಮಗಳು ಹೋದಳು. ಸೌಮ್ಯ ಸ್ವಭಾವವೂ ಹೋಯಿತು. ಅದನ್ನು ತೆಗೆಯುವಾಗ ಅವರು ನಕ್ಕರು, ಅಡ್ಡಸವಾಲಿನಲ್ಲಿ ತಮ್ಮನ್ನು ಎದುರಿಸಿದ ಸಾಕ್ಷಿಗಳಾರೂ ಇದನ್ನು ನಂಬುತ್ತಿರಲಿಲ್ಲ ಎಂದರು. ಹನ್ನೆರಡು ವರ್ಷದ ಅನುಭವ, ನಡೆಸಿದ ದಾವೆಗಳ ಬಗೆ, ಮೂರು ತಿಂಗಳಿಗೊಮ್ಮೆ ಸಂಘದ ಲೆಕ್ಕವನ್ನು ಸೂಚನಾಫಲಕಕ್ಕೆ ಹಚ್ಚುವ ವಾಗ್ದಾನ, ಗ್ರಂಥಾಲಯವನ್ನು ಸಂಜೆ ಏಳರ ತನಕ ತೆರೆದಿಡುವ ಮಾತು ಇಷ್ಟು ಬಂದುವು. ಮೇಲಿನ ಸಾಲಿನಲ್ಲಿ ‘ಸ್ಥಾನದ ಅಭ್ಯರ್ಥಿ’ ಎಂಬುದರ ಹಿಂದೆ ಒಂದು ಶಬ್ದದಷ್ಟು ಜಾಗವನ್ನು ಖಾಲಿ ಬಿಡಿಸಿದರು. ನಾಮಪತ್ರ ಸಲ್ಲಿಸಲು ಇನ್ನೂ ನಾಲ್ಕು ದಿನಗಳಿದ್ದುವು. ಅಚ್ಚುಕೂಟದವನಿಗೆ ಮಾರನೆಯ ದಿನ ಫೋನು ಮಾಡಿ ತಿಳಿಸುವುದಾಗಿ ಹೇಳಿ, ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹೊರಟರು.