ಚೀಟಿಯಲ್ಲಿ ಬರೀ 'ಅಸ್ತಮಾ' ಅಂತ ಬರೆದರೆ ಸಾಕೇ?

ನಮ್ಮ ದೊಡ್ಡಪ್ಪನಿಗೆ ರಾತ್ರಿ ಎರಡಾದರೆ ಕೆಮ್ಮು ಶುರು. ಎದ್ದು ಕೂತರೆ ಎದೆಯಲ್ಲಿ ಸೀಟಿ ಊದಿದ ಹಾಗೆ ಸದ್ದು. ಆಸ್ಪತ್ರೆಯಲ್ಲಿ ಚೀಟಿಗೆ 'ಅಸ್ತಮಾ' ಎಂದು ಬರೆದು ಪಂಪ್ ಕೊಟ್ಟರು. ರಕ್ತದ ವರದಿ ಬೇರೆ ಹಾಳೆಯಲ್ಲಿತ್ತು. 500ರೊಳಗೆ ಇರಬೇಕಾದ ಇಯೋಸಿನೋಫಿಲ್ ಕಣ 3,000 ದಾಟಿತ್ತು. ಅದು ಚೀಟಿಗೆ ಬರಲೇ ಇಲ್ಲ.

ಆನೆಕಾಲು ರೋಗದ ಹುಳುವಿನ ಮರಿಗಳ ವಿರುದ್ಧ ಕೆಲವರ ದೇಹ ಅತಿಯಾಗಿ ಕೆರಳಿ ಶ್ವಾಸಕೋಶ ಕೆಡುತ್ತದೆ. ಇದಕ್ಕೆ ಟ್ರಾಪಿಕಲ್ ಪಲ್ಮನರಿ ಇಯೋಸಿನೋಫೀಲಿಯಾ ಎನ್ನುತ್ತಾರೆ. ನೋಡಲು ದಮ್ಮಿನ ಹಾಗೇ, ಆದರೆ ಔಷಧಿ ಬೇರೆ: ಡಿಇಸಿ ಮಾತ್ರೆ, ಸಾಮಾನ್ಯವಾಗಿ ಮೂರು ವಾರ. ಹಾಗೇ ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಆನೆಕಾಲು ಹೊಸದೇನಲ್ಲ.

ಆಸ್ಪತ್ರೆ ದಾಖಲೆಯಲ್ಲಿ ಪ್ರತಿ ರೋಗಕ್ಕೂ ಒಂದು ಕೋಡ್ ಇದೆ. ಐಸಿಡಿ-10ರಲ್ಲಿ ಅಸ್ತಮಾಗೆ ಜೆ45, ಈ ಕಾಯಿಲೆಗೆ ಜೆ82. ರಕ್ತದಲ್ಲಿ ಇಯೋಸಿನೋಫಿಲ್ ಹೆಚ್ಚಿದೆ ಎಂದಷ್ಟೇ ಬರೆದರೆ ಡಿ72.1. ಕೋಡ್ ಹಾಕುವವರು ರೋಗಿಯ ಮುಖ ನೋಡಿರುವುದಿಲ್ಲ. ಲ್ಯಾಬಿನ ಅಂಕಿ ನೋಡಿ ತಾವೇ ರೋಗದ ಹೆಸರು ಕಟ್ಟುವಂತೆಯೂ ಇಲ್ಲ. ವೈದ್ಯರು ಬರೆದದ್ದೇ ಲೆಕ್ಕ. ಹೀಗೆ ದೊಡ್ಡಪ್ಪ ಜೆ45 ಆದರು. ಇಂಥವರು ಎಷ್ಟು ಮಂದಿಯೋ, ಆನೆಕಾಲು ನಿಯಂತ್ರಣದವರಿಗೆ ಗೊತ್ತಾಗುವುದಾದರೂ ಹೇಗೆ?

ಹೊರಗೆ ಸಾಲು ಉದ್ದ ಇರುತ್ತದೆ, ಒಪ್ಪೋಣ. ಆದರೂ ಕಣದ ಸಂಖ್ಯೆ, ಅನುಮಾನದ ಕಾರಣ, ಎರಡು ಸಾಲು ಬರೆಯಲು ಎಷ್ಟು ಹೊತ್ತು? ಬರೆಯದಿದ್ದರೆ ನಾವೇ ಕೇಳಬೇಕು.

ಕೊನೆಗೆ ಇನ್ನೊಬ್ಬ ಡಾಕ್ಟರು ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿ, "ಇದನ್ನ ಮೊದಲೇ ಯಾಕೆ ತೋರಿಸಲಿಲ್ಲ?" ಅಂದರು. "ಅವರೇ ಬರೆಸಿದ್ದಲ್ವಾ ಸಾರ್," ಅಂದರು ದೊಡ್ಡಪ್ಪ.