ಕ್ಯಾಮೆರಾ ಎಲ್ಲಿತ್ತು?

‘ಸುಮ್ಮನಿರು, ಪೊಲೀಸರು ಬರ್ತಾರ!’ ನಮ್ಮ ಜಕ್ಕಲಿಯಲ್ಲೂ ಅಳುವ ಮಗುವಿಗೆ ಇದೇ ಮದ್ದು. ಈ ಭಯಕ್ಕೆ ಚಿತ್ರಗಳೂ ನೀರೆರೆಯುತ್ತವೆ. ಸಿನಿಮಾದ ಪೊಲೀಸನನ್ನು ನೆನೆಯಿರಿ: ಮೊದಲು ಬೂಟು, ಆಮೇಲೆ ಲಾಠಿ, ಕೊನೆಗೆ ಮುಖ. ಕ್ಯಾಮೆರಾ ನೆಲದ ಹತ್ತಿರವಿರುತ್ತದೆ. ಹತ್ತಿರದ ವಸ್ತು ಮಸೂರದೆದುರು ಹೆಚ್ಚು ಕೋನವನ್ನು ಆವರಿಸುತ್ತದೆ. ಹೀಗಾಗಿ ಬೂಟು ದೊಡ್ಡದಾಗಿ, ತಲೆ ಆಕಾಶಕ್ಕೆ ತಾಗಿದಂತೆ ಕಾಣುತ್ತದೆ. ಚಿಕ್ಕ ಮಗುವಿನ ಕಣ್ಣೂ ಅಷ್ಟೇ ಕೆಳಗಿರುತ್ತದೆಯಲ್ಲವೇ?

ವಿದ್ಯಾರ್ಥಿಗಳೇ, ನಿಂತಿರುವ ತಂದೆಯವರ ಚಿತ್ರವನ್ನು ಮೊಬೈಲಿನಲ್ಲಿ ಒಮ್ಮೆ ನೆಲದಿಂದ, ಒಮ್ಮೆ ಅವರ ಕಣ್ಣಿನೆತ್ತರದಿಂದ ತೆಗೆದು ನೋಡಿ. ಮನುಷ್ಯ ಒಬ್ಬನೇ, ನೋಟ ಬೇರೆ.

ಕರ್ನಾಟಕ ಪೊಲೀಸರ ‘ತೆರೆದ ಮನೆ’ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳು ಠಾಣೆಯನ್ನು ಒಳಹೊಕ್ಕು ನೋಡುತ್ತಾರೆ. ಅಲ್ಲಿ ಪೊಲೀಸರು ಮಕ್ಕಳ ಪಕ್ಕ ಕುಳಿತು, ಕ್ಯಾಮೆರಾ ಎಲ್ಲರ ಕಣ್ಣಿನ ಮಟ್ಟದಲ್ಲಿದ್ದರೆ ಆ ಚಿತ್ರವೇ ಅರ್ಧ ಭಯ ಕಳೆದೀತು. ಆದರೆ ನೊಂದು ಠಾಣೆಗೆ ಬಂದ ಮಗುವಿನ ಚಿತ್ರ ಬೇಡವೇ ಬೇಡ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಅಂಥ ಮಗುವಿನ ಗುರುತು ಪ್ರಕಟಿಸುವುದನ್ನು ನಿಷೇಧಿಸಿದೆ.

ಪಾಲಕರೇ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಯಾರ ಕೈ ಹಿಡಿಯಬೇಕು? ನಾವು ಯಾರ ಹೆಸರು ಹೇಳಿ ಹೆದರಿಸಿದೆವೋ ಅವರದೇ ಅಲ್ಲವೇ?